ಆವರಣದ ಮುಂದಿನ ಮೈನಸ್: 6ಕ − 22 ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ. ಮೊನ್ನೆ ಹೋಂವರ್ಕ್‌ನಲ್ಲಿ 4(2ಕ − 3) − 2(ಕ − 5) ಇದನ್ನು ಸಂಕ್ಷೇಪಿಸಿ ಅಂತ ಇತ್ತು. ಅವಳಿಗೆ 6ಕ − 22 ಬಂತು. ಪುಸ್ತಕದ ಹಿಂದೆ ಕೊಟ್ಟಿರುವ ಉತ್ತರ 6ಕ − 2. ಎಷ್ಟು ಸಲ ಮಾಡಿದರೂ ಅದೇ 22. ಕೊನೆಗೆ ಪುಸ್ತಕದ ಉತ್ತರವನ್ನೇ ನೋಡಿ, "6ಕ − 2 ಅಂದ್ರೆ 4ಕ ತಾನೇ, ಯಾಕೆ ಅರ್ಧಕ್ಕೆ ನಿಲ್ಲಿಸಿದ್ದಾರೆ?" ಅಂತ ಕೇಳಿದಳು. ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಯಮ ಬಾಯಿಪಾಠ ಮಾಡಿಸುವುದು ಬಿಟ್ಟು ಬೇರೆ ದಾರಿ ಇದೆಯಾ?

ಉತ್ತರ: ಇದೆ. ಅದಕ್ಕೆ ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಮಗಳಿಗೆ ಮುಕ್ಕಾಲು ಪಾಲು ಬೀಜಗಣಿತ ಬಂದಿದೆ. 6ಕ ಸರಿಯಾಗಿ ಬಂದಿದೆ ಅಂದರೆ ಆವರಣ ಬಿಡಿಸುವುದು ಗೊತ್ತು, ಸಜಾತಿ ಪದಗಳನ್ನು, ಅಂದರೆ 8ಕ, 2ಕ ಹೀಗೆ ಒಂದೇ ಅಕ್ಷರಭಾಗ ಇರುವವನ್ನು, ಒಟ್ಟು ಮಾಡುವುದೂ ಗೊತ್ತು. ತಪ್ಪಿರುವುದು ಒಂದೇ ಒಂದು ಚಿಹ್ನೆ. ಶಾಲೆಯ ಎಕ್ಸ್ ಬದಲು ನೀವು 'ಕ' ಅಂತ ಬರೆದಿದ್ದೀರಿ, ನಾನೂ ಹಾಗೇ ಮುಂದುವರಿಸುತ್ತೇನೆ. ಅಕ್ಷರ ಯಾವುದಾದರೂ ಲೆಕ್ಕ ಬದಲಾಗುವುದಿಲ್ಲ.

ಅವಳ ನೋಟ್‌ಬುಕ್ ನೋಡದಿದ್ದರೂ ಅಲ್ಲಿ ಈ ಸಾಲು ಇದ್ದೇ ಇರುತ್ತದೆ ಅಂತ ಹೇಳಬಲ್ಲೆ:

8ಕ − 12 − 2ಕ − 10

ಮೊದಲ ಆವರಣ ಸರಿ. ಎರಡನೆಯದರಲ್ಲಿ ಅವಳು 2ರಿಂದ ಗುಣಿಸಿದ್ದಾಳೆ. ಎರಡು ಸಲ ಕ ಅಂದರೆ 2ಕ, ಎರಡೈದಲಿ ಹತ್ತು. ಆಮೇಲೆ ಹೊರಗಿದ್ದ ಮೈನಸ್ಸನ್ನು 2ಕ ಮುಂದೆ ಇಟ್ಟಳು, ಒಳಗಿದ್ದ ಮೈನಸ್ಸನ್ನು 10ರ ಮುಂದೆ ಹಾಗೇ ಉಳಿಸಿದಳು. ಅಂದರೆ ಅವಳ ಕಣ್ಣಿಗೆ ಅಲ್ಲಿ ಗುಣಿಸುವ ಸಂಖ್ಯೆ 2. ನಿಜವಾಗಿ ಅಲ್ಲಿ ಗುಣಿಸುತ್ತಿರುವುದು −2. ಇಡೀ ತಪ್ಪು ಇಷ್ಟೇ.

ಇದು ಬರೀ ಅಜಾಗರೂಕತೆ ಅಂತ ಬೈದು ಬಿಡಬೇಡಿ. ಇದಕ್ಕೊಂದು ಕಾರಣ ಇದೆ. ಪ್ರೈಮರಿಯಲ್ಲಿ ಮೈನಸ್ ಅಂದರೆ 'ಕಳೆ' ಅನ್ನುವ ಆಜ್ಞೆ. 9 − 4 ಅಂದರೆ ಒಂಬತ್ತರಲ್ಲಿ ನಾಲ್ಕು ಕಳೆ. ಎರಡು ಸಂಖ್ಯೆಗಳ ನಡುವೆ ನಿಂತು ಅದು ಕೆಲಸ ಹೇಳುತ್ತದೆ, ಯಾರಿಗೂ ಸೇರಿದ್ದಲ್ಲ. ಬೀಜಗಣಿತಕ್ಕೆ ಬಂದ ಮೇಲೆ ಅದೇ ಗೆರೆ ಬಲಗಡೆಯ ಪದಕ್ಕೆ ಅಂಟಿಕೊಳ್ಳುತ್ತದೆ. 8ಕ − 12 ಅನ್ನುವಲ್ಲಿ ಪದಗಳು ಎರಡು: 8ಕ ಮತ್ತು −12. ಎರಡನ್ನೂ ಕೂಡಿದ್ದೇವೆ ಅಷ್ಟೇ. ಈ ಬದಲಾವಣೆಯನ್ನು ಮಕ್ಕಳಿಗೆ ಕೂರಿಸಿ ಹೇಳುವವರು ಕಡಿಮೆ. ಏಳು, ಎಂಟನೇ ತರಗತಿಯ ಅರ್ಧ ತಪ್ಪುಗಳು ಇಲ್ಲಿಂದಲೇ ಹುಟ್ಟುತ್ತವೆ ಅನ್ನುವುದು ನನ್ನ ಅಭಿಪ್ರಾಯ.

ಆವರಣದ ಒಳಗಿನ ಮೈನಸ್ ಯಾಕೆ ಪ್ಲಸ್ ಆಗುತ್ತದೆ? "ಮೈನಸ್ ಇಂಟು ಮೈನಸ್ ಪ್ಲಸ್" ಅಂತ ಹೇಳಿದರೆ ಮಕ್ಕಳು ಒಪ್ಪಿಕೊಳ್ಳುತ್ತಾರೆ, ಆದರೆ ನಂಬುವುದಿಲ್ಲ. ಅದಕ್ಕೆ ಹೋಟೆಲ್ಲಿಗೆ ಹೋಗೋಣ. ಒಂದು ದೋಸೆಯ ಬೆಲೆ 'ದ' ರೂಪಾಯಿ ಇರಲಿ. ಇವತ್ತು ಪ್ರತಿ ದೋಸೆಗೆ 10 ರೂಪಾಯಿ ಕಡಿತ. ಹಾಗಾದರೆ ಒಂದಕ್ಕೆ ಕೊಡಬೇಕಾದ್ದು ದ − 10. ಇಬ್ಬರು ತಿಂದಿರಿ, 500ರ ನೋಟು ಕೊಟ್ಟಿರಿ. ವಾಪಸ್ ಬರಬೇಕಾದ ಚಿಲ್ಲರೆ:

500 − 2(ದ − 10)

ಈಗ ಕ್ಯಾಶಿಯರ್ ಇನ್ನೊಂದು ರೀತಿ ಲೆಕ್ಕ ಹಾಕಬಹುದು. ಮೊದಲು ಎರಡು ದೋಸೆಯ ಪೂರ್ತಿ ಬೆಲೆ ಹಿಡಿದುಕೊಂಡು, 500 − 2ದ ಅಂತ ಎಣಿಸುತ್ತಾರೆ. ಆಮೇಲೆ ಕಡಿತ ನೆನಪಾಗುತ್ತದೆ. ಎರಡು ದೋಸೆಗೆ 20 ರೂಪಾಯಿ. ಆ 20 ಯಾರ ಕೈಗೆ ಬರಬೇಕು? ನಿಮ್ಮ ಕೈಗೆ. ಅಂದರೆ ಚಿಲ್ಲರೆ 500 − 2ದ + 20. ಬೆಲೆ 80 ಅಂತ ಇಟ್ಟು ನೋಡಿ. ಮೊದಲ ದಾರಿಯಲ್ಲಿ ಒಂದು ದೋಸೆಗೆ 70, ಎರಡಕ್ಕೆ 140, ಚಿಲ್ಲರೆ 360. ಎರಡನೇ ದಾರಿಯಲ್ಲಿ 500ರಲ್ಲಿ 160 ಹೋಗಿ 340, ಅದಕ್ಕೆ 20 ಸೇರಿ 360. ನಿಮ್ಮ ಮಗಳ ರೀತಿ ಮಾಡಿದರೆ 500 − 160 − 20, ಅಂದರೆ 320. ಕಡಿತ ಕೊಡುವ ಬದಲು ಮೇಲಿಂದ 20 ಕಿತ್ತುಕೊಂಡ ಹಾಗಾಯಿತು. ನಲವತ್ತು ರೂಪಾಯಿ ನಷ್ಟ. ಈ ಲೆಕ್ಕವನ್ನು ಯಾವ ಮಗುವೂ ಸುಮ್ನೆ ಒಪ್ಪುವುದಿಲ್ಲ!

ಇನ್ನು ಆ "ಮೈನಸ್ ಮೈನಸ್ ಪ್ಲಸ್" ಮಂತ್ರದ ಬಗ್ಗೆ ಒಂದು ಎಚ್ಚರಿಕೆ. ಹೇಳುವ ಭರದಲ್ಲಿ ನಡುವಿನ 'ಇಂಟು' ಬಿಟ್ಟುಹೋಗುತ್ತದೆ. ಆಮೇಲೆ ಅದೇ ಮಗು −3 − 5 ನೋಡಿ "ಎರಡು ಮೈನಸ್ ಇದೆ, ಪ್ಲಸ್" ಅಂತ 8 ಬರೆಯುತ್ತದೆ. ಇಲ್ಲಿ ಗುಣಾಕಾರವೇ ಇಲ್ಲ, ಕೂಡುವುದು ಅಷ್ಟೇ. ಮೂರು ರೂಪಾಯಿ ಸಾಲದ ಮೇಲೆ ಐದು ರೂಪಾಯಿ ಸಾಲ ಮಾಡಿದರೆ ಎಂಟು ರೂಪಾಯಿ ಸಾಲವೇ, ಉತ್ತರ −8. ಗುಣಿಸುವಾಗಿನ ನಿಯಮ ಬೇರೆ, ಕೂಡುವಾಗಿನದು ಬೇರೆ ಅನ್ನುವುದನ್ನು ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಬಿಡಿಬಿಡಿಯಾಗಿ ಬರೆದಿಟ್ಟಿದ್ದಾನೆ. ಋಣವನ್ನು ಋಣದಿಂದ ಗುಣಿಸಿದರೆ ಧನ, ಋಣಕ್ಕೆ ಋಣ ಕೂಡಿದರೆ ಋಣ. ನಾವು ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ಮಕ್ಕಳನ್ನು ಗೊಂದಲಕ್ಕೆ ತಳ್ಳುತ್ತೇವೆ.

ಈಗ ಆವರಣ ಬಿಡಿಸುವ ನಿಯಮಕ್ಕೆ ಬರೋಣ. ಪುಸ್ತಕದಲ್ಲಿ ಇದನ್ನು ವಿತರಣಾ ನಿಯಮ ಅನ್ನುತ್ತಾರೆ. ಹೊಸದೇನೋ ಕಲಿಯುತ್ತಿದ್ದೇವೆ ಅಂತ ಮಕ್ಕಳಿಗೆ ಅನ್ನಿಸುತ್ತದೆ. ಆದರೆ ಇದನ್ನು ಅವರು ಮೂರನೇ ಕ್ಲಾಸಿನಿಂದ ಮಾಡುತ್ತಲೇ ಬಂದಿದ್ದಾರೆ. 7 × 98 ಎಷ್ಟು ಅಂತ ಕೇಳಿ. ಬಾಯಿಲೆಕ್ಕ ಬರುವವರು 700ರಲ್ಲಿ 14 ಕಳೆದು 686 ಅಂತಾರೆ. ಅದೇ 7(100 − 2). ಏಳು ನೂರಕ್ಕೂ ಹೋಯಿತು, ಎರಡಕ್ಕೂ ಹೋಯಿತು. ಕೆಳಗೆ ಕೆಳಗೆ ಬರೆದು ಮಾಡುವ ಗುಣಾಕಾರ ಕೂಡ ಇದೇ. 23 × 4 ಅಂದರೆ ನಾಲ್ಕನ್ನು ಮೂರಕ್ಕೆ ಗುಣಿಸಿ, ಆಮೇಲೆ ಇಪ್ಪತ್ತಕ್ಕೆ ಗುಣಿಸಿ, ಎರಡನ್ನೂ ಕೂಡುವುದು. 'ದಶಕ' ಮೇಲೆ ಇಟ್ಟುಕೊಳ್ಳುವ ಗಡಿಬಿಡಿಯಲ್ಲಿ ಅದು ಕಾಣುವುದಿಲ್ಲ ಅಷ್ಟೇ.

ಗಣಿತಜ್ಞ ಎರಡನೇ ಭಾಸ್ಕರ 1150ರಲ್ಲಿ ಬರೆದ ಲೀಲಾವತಿ ಅನ್ನುವ ಗಣಿತ ಗ್ರಂಥದಲ್ಲಿ ಗುಣಾಕಾರಕ್ಕೆ ಕೊಡುವ ಉದಾಹರಣೆ 135 × 12. ಆ ಒಂದು ಲೆಕ್ಕವನ್ನು ಹಲವು ದಾರಿಯಲ್ಲಿ ಮಾಡಬಹುದು ಅಂತ ತೋರಿಸಲಾಗುತ್ತದೆ. 12ನ್ನು 8 ಮತ್ತು 4 ಅಂತ ಒಡೆದರೆ 1080ಕ್ಕೆ 540 ಸೇರಿ 1620. 12ನ್ನು 20ರಲ್ಲಿ 8 ಕಮ್ಮಿ ಅಂತ ನೋಡಿದರೆ 2700ರಲ್ಲಿ 1080 ಕಳೆದು ಅದೇ 1620. ಒಡೆದು ಗುಣಿಸುವುದು, ಹೆಚ್ಚು ಹಿಡಿದು ಕಳೆಯುವುದು, ಎರಡೂ ವಿತರಣಾ ನಿಯಮವೇ. ಮಗಳಿಗೆ ಬೀಜಗಣಿತ ಹೇಳಿಕೊಡುವ ಮೊದಲು ಇಂಥ ಒಂದೈದಾರು ಬಾಯಿಲೆಕ್ಕ ಮಾಡಿಸಿ. 6 × 49, 8 × 103, ಹೀಗೆ. ಅರ್ಧ ಗಂಟೆ ಸಾಕು.

ಹಾಗಾದರೆ ಬೀಜಗಣಿತದಲ್ಲಿ ಏನು ಬೇರೆ? 4(7 − 3) ಅಂತಿದ್ದರೆ ಒಳಗಿನದನ್ನು ಮೊದಲು ಮುಗಿಸಬಹುದು, ನಾಲ್ಕು ನಾಲ್ಕಲಿ ಹದಿನಾರು. ಮಕ್ಕಳಿಗೆ ಬಾಡ್‌ಮಾಸ್ ಹೇಳಿಕೊಟ್ಟಿರುತ್ತಾರೆ, ಮೊದಲು ಬ್ರಾಕೆಟ್ ಅಂತ. 4(2ಕ − 3) ಬಂದಾಗ ಅವರು ಅದನ್ನೇ ಮಾಡಲು ಹೋಗುತ್ತಾರೆ. ಒಳಗಿನದನ್ನು ಮುಗಿಸಲೇಬೇಕು ಅಂತ ಒದ್ದಾಡಿ 2ಕ − 3 ಅನ್ನು −1ಕ ಮಾಡಿಬಿಡುತ್ತಾರೆ. ಕ ಎಷ್ಟು ಅಂತ ಗೊತ್ತಿಲ್ಲದಿದ್ದರೆ ಒಳಗಿನ ಕೆಲಸ ಮುಗಿಯುವುದಿಲ್ಲ. ಅಂಥ ಕಡೆ ವಿತರಣಾ ನಿಯಮ ಬೇರೆ ಬಾಗಿಲಿಂದ ಒಳಗೆ ಬಿಡುತ್ತದೆ: ಒಳಗೆ ಎಷ್ಟು ಪದ ಇದೆಯೋ ಅಷ್ಟಕ್ಕೂ ಹೊರಗಿನದನ್ನು ಕೊಡು, ಆಗ ಆವರಣ ಬೇಕಾಗುವುದಿಲ್ಲ.

ಸಜಾತಿ ಪದಗಳ ವಿಷಯ ನಿಮ್ಮ ಮಗಳ ಎರಡನೇ ಪ್ರಶ್ನೆಗೆ ನೇರ ಉತ್ತರ. 8ಕ − 2ಕ ಯಾಕೆ 6ಕ ಆಗುತ್ತದೆ? "ಎರಡೂ ಕಡೆ ಕ ಇದೆ, ಅದಕ್ಕೆ" ಅನ್ನುವುದು ಸಾಮಾನ್ಯ ಉತ್ತರ. ಸರಿ, ಆದರೆ ಪೂರ್ತಿ ಅಲ್ಲ. ಸ್ವಲ್ಪ ಹೀಗೆ ಬರೆದು ನೋಡಿ:

8ಕ − 2ಕ = (8 − 2)ಕ = 6ಕ

ಇದು ಅದೇ ವಿತರಣಾ ನಿಯಮ, ಹಿಂದುಮುಂದಾಗಿ. ಅಲ್ಲಿ ಹೊರಗಿನದನ್ನು ಒಳಗಿನ ಪ್ರತಿಯೊಂದಕ್ಕೂ ಹಂಚಿದೆವು. ಇಲ್ಲಿ ಪ್ರತಿಯೊಂದರಲ್ಲೂ ಇರುವ ಕ ಅನ್ನು ಹೊರಗೆ ತೆಗೆದೆವು. ಪುಸ್ತಕದಲ್ಲಿ ಇವೆರಡು ಬೇರೆ ಬೇರೆ ಪುಟದಲ್ಲಿ ಎರಡು ನಿಯಮದ ಹಾಗೆ ಕಾಣುತ್ತವೆ. ಇರುವುದು ಒಂದೇ ನಿಯಮ, ಓಡಾಡುವ ದಿಕ್ಕು ಎರಡು. ನಿಮ್ಮ ಮಗಳಿಗೆ ಹೇಳಿಕೊಡಬೇಕಾದ್ದು ಏನಾದರೂ ಇದ್ದರೆ ಇದು. ಇದು ಮನಸ್ಸಿಗೆ ಹೋದರೆ ಬಾಯಿಪಾಠದ ಮುಕ್ಕಾಲು ಭಾಗ ತಾನಾಗಿ ಉದುರುತ್ತದೆ.

ಈಗ 6ಕ − 2ರಲ್ಲಿ ಇದನ್ನೇ ಮಾಡಲು ಹೋಗಿ. ಎರಡರಲ್ಲೂ ಇರುವ ಕ ಅನ್ನು ಹೊರಗೆ ತೆಗೆಯಬೇಕು. 6ಕ ಇಂದ ತೆಗೆಯಬಹುದು. 2ರಲ್ಲಿ ಕ ಎಲ್ಲಿದೆ? ಇಲ್ಲ. ಹಾಗಾಗಿ 4ಕ ಆಗುವುದಿಲ್ಲ. ಬೇಕಾದರೆ 2 ಅನ್ನು ಹೊರಗೆ ತೆಗೆದು 2(3ಕ − 1) ಅಂತ ಬರೆಯಬಹುದು, ಆದರೆ ಅದು ಇನ್ನೊಂದು ರೂಪವೇ ಹೊರತು ಎರಡು ಪದ ಒಂದಾಗಲಿಲ್ಲ. ಅವಳಿಗೆ 'ಅರ್ಧಕ್ಕೆ ನಿಲ್ಲಿಸಿದ್ದಾರೆ' ಅನ್ನಿಸಿದ್ದು ಸಹಜ. ಇಲ್ಲಿಯವರೆಗೆ ಎಲ್ಲ ಲೆಕ್ಕದ ಉತ್ತರವೂ ಒಂದೇ ಸಂಖ್ಯೆ ಆಗಿರುತ್ತಿತ್ತು. ನಡುವೆ ಪ್ಲಸ್ಸೋ ಮೈನಸ್ಸೋ ಇದ್ದರೆ ಲೆಕ್ಕ ಇನ್ನೂ ಬಾಕಿ ಅಂತ ಅರ್ಥ. ಮೊದಲ ಸಲ ಉತ್ತರದ ಒಳಗೇ ಒಂದು ಮೈನಸ್ ಉಳಿದುಕೊಂಡಿದೆ. ಇದಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ದಿನ ಬೇಕು.

ಇಲ್ಲಿ ಟ್ಯೂಷನ್‌ಗಳಲ್ಲಿ ಚಾಲ್ತಿಯಲ್ಲಿರುವ ಒಂದು ಉಪಾಯ ನನಗೆ ಇಷ್ಟವಿಲ್ಲ. ಮಾವಿನಹಣ್ಣಿಗೆ ಮಾ, ಬಾಳೆಹಣ್ಣಿಗೆ ಬಾ, ಮೂರು ಮಾವು ಎರಡು ಬಾಳೆ ಕೂಡಲಾಗದು, ಅದಕ್ಕೆ 3ಮಾ + 2ಬಾ ಹಾಗೇ ಇರಲಿ ಅನ್ನುವುದು. ಮೊದಲ ದಿನ ಚೆನ್ನಾಗಿ ಕೆಲಸ ಮಾಡುತ್ತದೆ. ಮುಂದಿನ ವಾರ 3ಮಾ × 2ಬಾ = 6ಮಾಬಾ ಬರುತ್ತದೆ. ಮಾವನ್ನು ಬಾಳೆಯಿಂದ ಗುಣಿಸುವುದು ಅಂದರೇನು? ಮಾ ವರ್ಗ ಅಂದರೆ ಎಂಥ ಹಣ್ಣು? ಅಕ್ಷರ ನಿಂತಿರುವುದು ಹಣ್ಣಿಗಲ್ಲ, ಸಂಖ್ಯೆಗೆ. ದೋಸೆ ಲೆಕ್ಕದಲ್ಲಿ 'ದ' ಅಂದರೆ ದೋಸೆಯ ಬೆಲೆ ಅಂತ ನಾನು ಬೇಕಂತಲೇ ಹೇಳಿದ್ದು. ಎಲ್ಲ ಕಡೆ ಹಾಗೇ ಹೇಳಿ: ಬೆಲೆ, ಉದ್ದ, ವಯಸ್ಸು, ಎಣಿಕೆ.

ಸಂಖ್ಯೆ ಅಂತ ಗೊತ್ತಿದ್ದರೆ ಕ ಮತ್ತು ಕ² ಯಾಕೆ ಸೇರುವುದಿಲ್ಲ ಅನ್ನುವುದೂ ಸುಲಭ. ಕ = 10 ಆದರೆ ಒಂದು 10, ಇನ್ನೊಂದು 100. 3ಕ² + 5ಕ ಅಂದರೆ ಮೂರು ನೂರು, ಐದು ಹತ್ತು, ಒಟ್ಟು 350. ಅದನ್ನು 8ಕ² ಅಂದರೆ 800, 8ಕ ಅಂದರೆ 80. ಎರಡೂ ದೂರ. ಆದರೆ 'ಗ' ಇನ್ನೊಂದು ಸಂಖ್ಯೆ ಆದರೆ ಕಗ ಮತ್ತು ಗಕ ಸಜಾತಿ, ಯಾಕೆಂದರೆ ಗುಣಿಸುವಾಗ ಯಾರು ಮುಂದೆ ಯಾರು ಹಿಂದೆ ಅನ್ನುವುದು ಲೆಕ್ಕಕ್ಕಿಲ್ಲ. ಪರೀಕ್ಷೆಯಲ್ಲಿ ಇದನ್ನು ಕೊಟ್ಟು ಮಕ್ಕಳನ್ನು ಬೀಳಿಸುವುದು ಮೇಷ್ಟ್ರುಗಳಿಗೆ ಇಷ್ಟದ ಆಟ.

ಭಾಸ್ಕರನ 'ಬೀಜಗಣಿತ' ಅನ್ನುವ ಗ್ರಂಥದಲ್ಲೂ ಇದೇ ಮಾತಿದೆ. ಒಂದೇ ಜಾತಿಯವನ್ನು ಕೂಡು ಅಥವಾ ಕಳೆ, ಬೇರೆ ಜಾತಿಯವನ್ನು ಪ್ರತ್ಯೇಕವಾಗಿ ಇಡು. ಆಗ ಗೊತ್ತಿಲ್ಲದ ಸಂಖ್ಯೆಗೆ 'ಯಾವತ್ತಾವತ್', ಎರಡನೆಯದು ಬಂದರೆ 'ಕಾಲಕ', ಮೂರನೆಯದಕ್ಕೆ 'ನೀಲಕ' ಅನ್ನುತ್ತಿದ್ದರು. ಬರೆಯುವಾಗ ಯಾ, ಕಾ, ನೀ. ಬರೀ ಸಂಖ್ಯೆಗೆ ರೂ. ನಮ್ಮ 6ಕ − 2 ಅವರ ಬರವಣಿಗೆಯಲ್ಲಿ 'ಯಾ 6 ರೂ 2' ಆಗುತ್ತಿತ್ತು, ಆ 2ರ ತಲೆಯ ಮೇಲೊಂದು ಚುಕ್ಕೆ. ಆ ಚುಕ್ಕೆ ಅಂದರೆ ಋಣ. ಗಮನಿಸಿ, ನಡುವೆ ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ. ಪದಗಳನ್ನು ಪಕ್ಕಪಕ್ಕ ಇಟ್ಟರೆ ಕೂಡಿದ್ದು ಅಂತಲೇ ಲೆಕ್ಕ, ಋಣದ ಗುರುತು ಆಯಾ ಸಂಖ್ಯೆಯ ಮೈಮೇಲೇ. ನಿಮ್ಮ ಮಗಳು ಆ ಕಾಲದಲ್ಲಿ ಓದಿದ್ದರೆ ಈ ತಪ್ಪು ಮಾಡುವ ಸಂಭವ ಕಡಿಮೆ ಇತ್ತು ಅಂತ ನನಗೆ ಅನ್ನಿಸುತ್ತದೆ!

ಚುಕ್ಕೆ ಇಡಲು ಈಗ ಆಗುವುದಿಲ್ಲ, ಆದರೆ ಅದೇ ಕೆಲಸ ಪೆನ್ಸಿಲಿನಲ್ಲಿ ಮಾಡಬಹುದು. ಲೆಕ್ಕ ಶುರು ಮಾಡುವ ಮೊದಲು ಪ್ರತಿ ಪದಕ್ಕೂ ಅದರ ಎಡಗಡೆಯ ಚಿಹ್ನೆಯನ್ನೂ ಸೇರಿಸಿ ಒಂದು ಸುತ್ತು ಹಾಕಲಿ. ಹೊರಗಿನ ಗುಣಕಕ್ಕೂ ಹಾಗೇ: 4ಕ್ಕೆ ಒಂದು ಸುತ್ತು, −2ಕ್ಕೆ ಒಂದು ಸುತ್ತು. ಸುತ್ತಿನ ಒಳಗಿರುವುದು ಇಡಿಯಾಗಿ ಓಡಾಡಬೇಕು. ಆಮೇಲೆ ಒಂದೊಂದೇ ಗುಣಾಕಾರವನ್ನು ಬೇರೆ ಬೇರೆ ಬರೆಯಲಿ:

4 × 2ಕ = 8ಕ
4 × (−3) = −12
−2 × ಕ = −2ಕ
−2 × (−5) = +10

ಸಜಾತಿಗಳನ್ನು ಹತ್ತಿರ ತಂದರೆ 8ಕ − 2ಕ − 12 + 10, ಅಂದರೆ 6ಕ − 2. ಜಾಗ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಒಂದೆರಡು ವಾರ ಆದ ಮೇಲೆ ಅವಳೇ ಈ ಸಾಲುಗಳನ್ನು ಬಿಡುತ್ತಾಳೆ. ನೀವು ಬಿಡಿಸಲು ಹೋಗಬೇಡಿ.

ಆವರಣದ ಮುಂದೆ ಸಂಖ್ಯೆಯೇ ಇಲ್ಲದೆ ಬರೀ ಮೈನಸ್ ಇದ್ದರೆ ಅಲ್ಲಿ −1 ಇದೆ ಅಂತ ಬರೆದುಕೊಳ್ಳಲಿ. −(ಕ² − 3ಕ + 1) ಅಂತಿದ್ದಾಗ ಮಕ್ಕಳು ಮೊದಲ ಪದದ ಚಿಹ್ನೆ ಮಾತ್ರ ಬದಲಿಸಿ ಉಳಿದದ್ದನ್ನು ಮರೆಯುತ್ತಾರೆ. −1 ಕಣ್ಣಿಗೆ ಕಂಡರೆ ಮೂರಕ್ಕೂ ಹಂಚುತ್ತಾರೆ: −ಕ² + 3ಕ − 1.

ಸರಿಯೋ ತಪ್ಪೋ ಅಂತ ತಿಳಿಯಲು ಪುಸ್ತಕದ ಹಿಂದೆ ನೋಡಬೇಕಿಲ್ಲ. ಸಂಕ್ಷೇಪಿಸುವುದು ಅಂದರೆ ಬೆಲೆ ಬದಲಿಸದೆ ರೂಪ ಬದಲಿಸುವುದು. ಹಾಗಿದ್ದ ಮೇಲೆ ಕ ಜಾಗದಲ್ಲಿ ಯಾವ ಸಂಖ್ಯೆ ಹಾಕಿದರೂ ಪ್ರಶ್ನೆ ಮತ್ತು ಉತ್ತರ ಎರಡೂ ಒಂದೇ ಬೆಲೆ ಕೊಡಬೇಕು. ಕ = 10 ಹಾಕೋಣ. ಪ್ರಶ್ನೆಯಲ್ಲಿ 4 × 17 − 2 × 5, ಅಂದರೆ 68 − 10 = 58. 6ಕ − 2ರಲ್ಲಿ 58. ಸರಿ. 6ಕ − 22ರಲ್ಲಿ 38. ತಪ್ಪು. 4ಕ ಅಂದರೆ 40. ಅದೂ ತಪ್ಪು. ಇಷ್ಟಕ್ಕೆ ಹದಿನೈದು ಸೆಕೆಂಡು.

ಆದರೆ ಪರೀಕ್ಷಿಸುವಾಗ 0, 1, 2 ಹಾಕಬೇಡಿ. ಮಕ್ಕಳು ಸುಲಭ ಅಂತ 1 ಹಾಕುತ್ತಾರೆ. ಕ = 1 ಹಾಕಿದರೆ 6ಕ − 2 ಅಂದರೆ 4. 4ಕ ಅಂದರೂ 4. ತಪ್ಪು ಉತ್ತರ ನಗುನಗುತ್ತಾ ಪಾಸ್ ಆಗುತ್ತದೆ! 1ರಲ್ಲಿ ಕ, ಕ² ಎರಡೂ ಒಂದೇ. 2ರಲ್ಲಿ 2ಕ, ಕ² ಎರಡೂ 4. ಸೊನ್ನೆ ಹಾಕಿದರಂತೂ ಕ ಇರುವ ಪದಗಳೆಲ್ಲ ಮಾಯ. 10 ಒಳ್ಳೆಯದು, ಗುಣಿಸಲು ಸಲೀಸು. ಎರಡು ಅಕ್ಷರ ಇದ್ದರೆ ಒಂದಕ್ಕೆ 10, ಇನ್ನೊಂದಕ್ಕೆ 3.

ಮುಂದೆ ಬರುವ ಎರಡು ಗುಂಡಿಗಳನ್ನು ಈಗಲೇ ತೋರಿಸಿಬಿಡುತ್ತೇನೆ. ಒಂದು, ಭಿನ್ನರಾಶಿಯ ಅಡ್ಡಗೆರೆ. ಅದು ಕೂಡ ಆವರಣವೇ, ಕಂಸ ಕಾಣುವುದಿಲ್ಲ ಅಷ್ಟೇ. (6ಕ − 2)/2 ಅಂದರೆ 3ಕ − 1. ಬಹಳ ಮಕ್ಕಳು ಆರನ್ನು ಮಾತ್ರ ಭಾಗಿಸಿ 3ಕ − 2 ಬರೆಯುತ್ತಾರೆ. ಎರಡರಿಂದ ಭಾಗಿಸುವುದು ಅಂದರೆ ಅರ್ಧದಿಂದ ಗುಣಿಸುವುದು, ಹಾಗಾಗಿ ಎರಡೂ ಪದಕ್ಕೆ ಹೋಗಬೇಕು. ಕ/2 − (ಕ − 4)/3 ಇನ್ನೂ ಮೋಸದ್ದು. ಛೇದ 6 ಮಾಡಿದಾಗ ಮೇಲೆ 3ಕ − 2(ಕ − 4) ಅಂತ ಆವರಣ ಹಾಕಿಯೇ ಬರೆಯಬೇಕು. ಉತ್ತರ (ಕ + 8)/6. ಆವರಣ ಬಿಟ್ಟರೆ ನಿಮ್ಮ ಮಗಳ ಹಳೆಯ ತಪ್ಪೇ ಮತ್ತೆ ಬರುತ್ತದೆ.

ಇನ್ನೊಂದು, ಈ ನಿಯಮ ಎಲ್ಲ ಕಡೆ ಓಡುತ್ತದೆ ಅನ್ನುವ ಭ್ರಮೆ. ಒಳಗೆ ಪದಗಳನ್ನು ಕೂಡಿದ್ದರೆ ಮಾತ್ರ ಹಂಚುವುದು. 3(ಕ × ಗ) ಅಂದರೆ 3ಕಗ, 3ಕ × 3ಗ ಅಲ್ಲ. ಹಾಗೇ (ಕ + 3)² ಅಂದರೆ ಕ² + 9 ಅಲ್ಲ. 10 ಹಾಕಿ ನೋಡಿ, 13ರ ವರ್ಗ 169, ಆ ಉತ್ತರ 109. ಕಳೆದುಹೋದ 60 ಎಲ್ಲಿದೆ ಅಂತ ಅವಳೇ ಹುಡುಕಲಿ. (ಕ + 3)(ಕ + 3) ಅಂತ ಬಿಡಿಸಿ ಬರೆದು ಎರಡು ಸಲ ಹಂಚಿದರೆ ನಡುವೆ 3ಕ, 3ಕ ಸಿಗುತ್ತವೆ.

ಅಭ್ಯಾಸಕ್ಕೆ ಮೂರು ಕೊಡುತ್ತೇನೆ. ಮೊದಲನೆಯದು 7 − 3(2ಕ − 1). ಇಲ್ಲಿ ಕಣ್ಣು 7 − 3 ಕಡೆ ಓಡುತ್ತದೆ, ಅದನ್ನು 4 ಮಾಡಿ 8ಕ − 4 ಬರೆದರೆ ಮುಗಿಯಿತು. ಆ 3 ಆವರಣದ ಸ್ವತ್ತು, 7ಕ್ಕೆ ಅದರ ಮೇಲೆ ಹಕ್ಕಿಲ್ಲ. ಉತ್ತರ 10 − 6ಕ. ಎರಡನೆಯದು 2ಕ(ಕ − 4) − (ಕ² − 3ಕ + 1), ಉತ್ತರ ಕ² − 5ಕ − 1. ಇದನ್ನು 10 ಹಾಕಿ ಪರೀಕ್ಷಿಸಲಿ, ಎರಡೂ ಕಡೆ 49 ಬರಬೇಕು. ಮೂರನೆಯದು ಆವರಣದೊಳಗೆ ಆವರಣ: 5ಕ − [3ಗ − 2(ಕ − ಗ)]. ಒಳಗಿನಿಂದ ಹೊರಗೆ ಬರಲಿ. ಒಳಗಿನದು ಬಿಡಿಸಿದಾಗ 3ಗ − 2ಕ + 2ಗ, ಸೇರಿಸಿದರೆ 5ಗ − 2ಕ. ಹೊರಗಿನ ಮೈನಸ್ ಎರಡಕ್ಕೂ ಹೋದ ಮೇಲೆ 7ಕ − 5ಗ. ಕ = 10, ಗ = 3 ಇಟ್ಟರೆ 55. ಅವಳಿಗೆ 3ಕ − 5ಗ ಬಂದರೆ, −2ಕ ಮೇಲೆ ಹೊರಗಿನ ಮೈನಸ್ ಹೋಗಿಲ್ಲ ಅಂತ ಅರ್ಥ. ಆಗ ಇನ್ನೊಮ್ಮೆ ದೋಸೆ ಲೆಕ್ಕಕ್ಕೆ ಹೋಗಿ, ಈ ಸಲ ಬಿಲ್ಲನ್ನು ಅವಳೇ ಹಾಕಲಿ.